ಥೈರಾಯ್ಡ್ ಇರುವವರಿಗೆ ಖನಿಜದ ಮಾತ್ರೆ: ಎಷ್ಟು, ಯಾವಾಗ, ಯಾರಿಗೆ?

ಮಾನ್ಯ ಸಂಪಾದಕರೇ,

ಥೈರಾಯ್ಡ್ ಗ್ರಂಥಿಯ ಕೆಲಸವನ್ನು ಕ್ರಮೇಣ ಕುಗ್ಗಿಸುವ ಹಶಿಮೊಟೊ ಥೈರಾಯ್ಡೈಟಿಸ್ ಎಂಬ ಕಾಯಿಲೆಯ ವರದಿ ಬಂದ ಮನೆಗಳಲ್ಲಿ ಈಚೆಗೆ ಎರಡು ಬದಲಾವಣೆಗಳು ಒಟ್ಟೊಟ್ಟಿಗೇ ಆಗುತ್ತಿವೆ. ಅಡುಗೆಮನೆಯಿಂದ ಅಯೋಡಿನ್ ಉಪ್ಪಿನ ಪೊಟ್ಟಣ ಹೊರಗೆ ಹೋಗಿ ಸೈಂಧವ ಲವಣ ಒಳಗೆ ಬರುತ್ತದೆ. ಥೈರಾಯ್ಡ್ ಮಾತ್ರೆಯ ಡಬ್ಬಿಯ ಪಕ್ಕದಲ್ಲಿ ಸೆಲೆನಿಯಂ, ಸತು, ಕಬ್ಬಿಣ, ಜೊತೆಗೆ ಬಯೋಟಿನ್ ಎಂಬ ವಿಟಮಿನ್‌ನ ಡಬ್ಬಿಗಳು ಸಾಲಾಗಿ ಕೂರುತ್ತವೆ. ವಾಟ್ಸ್‌ಆ್ಯಪ್ ಸಂದೇಶಗಳೂ ಯೂಟ್ಯೂಬ್ ಉಪನ್ಯಾಸಗಳೂ ಜಾಹೀರಾತುಗಳೂ ಹೇಳುವುದು ಒಂದೇ: ಖನಿಜ ತುಂಬಿಸಿದರೆ ಥೈರಾಯ್ಡ್ ವಾಸಿಯಾಗುತ್ತದೆ. ಪ್ರಮಾಣ ಎಷ್ಟು, ಯಾವ ಹೊತ್ತಿಗೆ, ಯಾರಿಗೆ ಬೇಡ ಎಂಬ ಮಾತು ಅಲ್ಲಿ ಬರುವುದೇ ಇಲ್ಲ. ಸೂಕ್ಷ್ಮ ಖನಿಜಗಳ ವಿಷಯದಲ್ಲಿ ಪ್ರಮಾಣ ಬಿಟ್ಟು ಮಾತಾಡುವುದೆಂದರೆ ಏನನ್ನೂ ಹೇಳದೆ ಇದ್ದಂತೆ. ಹಾಗಾಗಿ ಈ ಪತ್ರ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಪ್ರಕಟಿಸಿ.

ಮೊದಲು ಕಾಯಿಲೆ. 1912ರಲ್ಲಿ ಜಪಾನಿನ ಶಸ್ತ್ರವೈದ್ಯ ಹಕಾರು ಹಶಿಮೊಟೊ ನಾಲ್ವರು ಹೆಂಗಸರ ಥೈರಾಯ್ಡ್ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಬಿಳಿ ರಕ್ತಕಣಗಳು ಮುತ್ತಿಗೆ ಹಾಕಿರುವುದನ್ನು ಬರೆದಿಟ್ಟರು. ಅದು ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಗ್ರಂಥಿಯ ಮೇಲೆ ತಿರುಗಿಬೀಳುವ ಕಾಯಿಲೆ ಎಂಬುದು ಗೊತ್ತಾದದ್ದು 1956ರಲ್ಲಿ, ರೋಗಿಗಳ ರಕ್ತದಲ್ಲಿ ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳು ಸಿಕ್ಕಾಗ. ಇಂದು ಲ್ಯಾಬ್ ವರದಿಯಲ್ಲಿ ‘ಆ್ಯಂಟಿ ಟಿಪಿಒ’ ಎಂದು ಬರುವುದು ಇಂಥ ಪ್ರತಿಕಾಯವೇ. ಟಿಪಿಒ ಅಂದರೆ ಥೈರಾಯ್ಡ್ ಪೆರಾಕ್ಸಿಡೇಸ್. ಹಾರ್ಮೋನಿಗೆ ಅಯೋಡಿನ್ ಜೋಡಿಸುವ ಕಿಣ್ವ ಅದು.

ಈ ಜೋಡಣೆ ಹೇಗೆ ನಡೆಯುತ್ತದೆ ಎಂದು ತಿಳಿದರೆ ಖನಿಜಗಳ ಕಥೆ ಅರ್ಧ ಅರ್ಥವಾದಂತೆ. ಥೈರಾಕ್ಸಿನ್, ಅಂದರೆ ಟಿ4, ಒಂದೊಂದು ಅಣುವಿನಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳನ್ನು ಹೊತ್ತಿರುತ್ತದೆ. ಅವನ್ನು ಕೂರಿಸುವ ಟಿಪಿಒ ಕಿಣ್ವದ ಒಡಲಲ್ಲಿ ಕಬ್ಬಿಣ ಇದೆ. ಕೆಲಸ ಮಾಡಲು ಅದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೇಕು. ಈ ಪೆರಾಕ್ಸೈಡ್ ಉಳಿದರೆ ಜೀವಕೋಶವನ್ನೇ ಸುಡುತ್ತದೆ. ಉಳಿದದ್ದನ್ನು ನೀರಾಗಿಸುವ ಗ್ಲುಟಾಥಿಯೋನ್ ಪೆರಾಕ್ಸಿಡೇಸ್ ಕಿಣ್ವಕ್ಕೆ ಸೆಲೆನಿಯಂ ಬೇಕು. ಮುಂದೆ ಟಿ4ರಿಂದ ಒಂದು ಅಯೋಡಿನ್ ಕಿತ್ತು, ಚುರುಕಾಗಿ ಕೆಲಸ ಮಾಡುವ ಟಿ3 ಆಗಿಸುವ ಕಿಣ್ವಗಳಿಗೂ ಸೆಲೆನಿಯಂ ಬೇಕು. ಟಿ3 ಹೋಗಿ ಕೂರುವ ಗ್ರಾಹಕ ಪ್ರೋಟೀನು ತನ್ನ ಆಕಾರ ಉಳಿಸಿಕೊಳ್ಳಲು ಸತು ಬೇಕು. ಹೀಗೆ ನಾಲ್ಕೂ ಖನಿಜಗಳು ನಿಜಕ್ಕೂ ಬೇಕಾದವೇ. ಜಾಹೀರಾತುಗಳು ಇಲ್ಲಿಯವರೆಗೆ ಸರಿಯಾಗಿಯೇ ಹೇಳುತ್ತವೆ. ತಪ್ಪುವುದು ಮುಂದಿನ ಹೆಜ್ಜೆಯಲ್ಲಿ: ಕೊರತೆ ಇದ್ದರೆ ತೊಂದರೆ ಎಂಬುದರಿಂದ, ಹೆಚ್ಚು ಕೊಟ್ಟರೆ ಗುಣ ಎಂಬ ತೀರ್ಮಾನಕ್ಕೆ ಹಾರುತ್ತವೆ.

ಅಯೋಡಿನ್‌ನಿಂದ ಶುರುಮಾಡೋಣ, ಏಕೆಂದರೆ ಎರಡೂ ದಿಕ್ಕಿನ ತಪ್ಪು ಇಲ್ಲೇ ಹೆಚ್ಚು. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು. ಗರ್ಭಿಣಿ ಮತ್ತು ಹಾಲೂಡಿಸುವ ತಾಯಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 250. ನಮ್ಮ ದೇಶದಲ್ಲಿ ಬಳಕೆದಾರರ ಕೈ ಸೇರುವ ಅಯೋಡಿನ್ ಉಪ್ಪಿನಲ್ಲಿ ಒಂದು ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕು. ಲೆಕ್ಕ ಹಾಕಿ: ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಸಣ್ಣ ಚಮಚ, ತಿಂದರೆ ಸಿಗುವುದು 75 ಮೈಕ್ರೋಗ್ರಾಂ. ಉಪ್ಪಿನಲ್ಲಿ ಕಿಲೋಗೆ 30 ಮಿಲಿಗ್ರಾಂ ಇದ್ದರೆ 150. ಕುದಿಸುವಾಗ ಅದರಲ್ಲೂ ಒಂದಷ್ಟು ಹೋಗುತ್ತದೆ. ಉಳಿದದ್ದು ಹಾಲು, ಮೀನು, ಮೊಟ್ಟೆಗಳಿಂದ ಬರಬೇಕು. ಅಂದಮೇಲೆ ಮನೆಯ ಸಾರು, ಪಲ್ಯಕ್ಕೆ ಹಾಕುವ ಅಯೋಡಿನ್ ಉಪ್ಪು ಹಶಿಮೊಟೊ ರೋಗಿಗೆ ವಿಷ ಎಂಬ ಮಾತಿಗೆ ಆಧಾರವೇ ಇಲ್ಲ. ಅಷ್ಟೇಕೆ, ಗ್ರಂಥಿ ಮಾಡಲಾರದ ಹಾರ್ಮೋನಿನ ಬದಲಿಗೆ ರೋಗಿ ನಿತ್ಯ ನುಂಗುವ 100 ಮೈಕ್ರೋಗ್ರಾಂ ಥೈರಾಕ್ಸಿನ್ ಮಾತ್ರೆಯಲ್ಲೇ ಸುಮಾರು 65 ಮೈಕ್ರೋಗ್ರಾಂ ಅಯೋಡಿನ್ ಇರುತ್ತದೆ.

ಒಬ್ಬರಿಗೆ ಥೈರಾಯ್ಡ್ ಎಂದು ಇಡೀ ಮನೆಯ ಉಪ್ಪು ಬದಲಾದರೆ ಪೆಟ್ಟು ಬೀಳುವುದು ರೋಗಿಗಿಂತ ಹೆಚ್ಚಾಗಿ ಅದೇ ಅಡುಗೆ ಉಣ್ಣುವ ಬಸುರಿ ಸೊಸೆಗೆ, ಮಗಳಿಗೆ, ಎಳೆ ಮಕ್ಕಳಿಗೆ. ಗರ್ಭದ ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯುವುದು ತಾಯಿಯ ಥೈರಾಯ್ಡ್ ಹಾರ್ಮೋನಿನಿಂದ. ಸೈಂಧವ ಲವಣವಾಗಲಿ, ಕಲ್ಲುಪ್ಪಾಗಲಿ, ಪೊಟ್ಟಣದ ಮೇಲೆ ‘ಅಯೋಡಿನ್‌ಯುಕ್ತ’ ಎಂದು ಬರೆದಿಲ್ಲದಿದ್ದರೆ ಅದರಲ್ಲಿ ಅಯೋಡಿನ್ ಲೆಕ್ಕಕ್ಕೆ ಸಿಗುವಷ್ಟು ಇಲ್ಲ ಎಂದೇ ತಿಳಿಯಬೇಕು. ಬಣ್ಣಕ್ಕೆ ಕಾರಣವಾದ ‘ಎಂಬತ್ತು ಖನಿಜಗಳು’ ಇದ್ದರೂ ಅವು ಚಮಚ ಉಪ್ಪಿನಲ್ಲಿ ಇರುವುದು ಲೆಕ್ಕಕ್ಕೆ ಬಾರದಷ್ಟು. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಯೋಡಿನ್ ಉಪ್ಪು ಹಂಚಿ ಗಳಗಂಡ ಇಳಿಯುವುದನ್ನು ತೋರಿಸಿಕೊಟ್ಟರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂದದ್ದು ಅದರ ಬೆನ್ನಿಗೆ. ಗಂಟಲಲ್ಲಿ ಗಡ್ಡೆ ಹೊತ್ತ ಹೆಂಗಸರು ಈಗ ಅಪರೂಪವಾಗಿರುವುದಕ್ಕೆ ಕಾರಣವಾದ ಉಪ್ಪನ್ನು ಇಷ್ಟು ಸುಲಭವಾಗಿ ಹೊರಗೆ ಹಾಕುವುದು ನೋಡಿದರೆ ಸಂಕಟವಾಗುತ್ತದೆ.

ಉಪ್ಪನ್ನು ಕಾಪಾಡುವ ಕ್ರಮವೂ ಹೇಳಬೇಕು. ನಮ್ಮಲ್ಲಿ ಬೆರೆಸುವುದು ಪೊಟ್ಯಾಸಿಯಂ ಅಯೋಡೇಟ್. ಅದು ಸೆಕೆ ತಡೆಯುತ್ತದೆ, ಆದರೆ ಒದ್ದೆಯನ್ನು ಅಷ್ಟಾಗಿ ತಡೆಯದು. ಮಳೆಗಾಲದಲ್ಲಿ ಬಾಯಿ ತೆರೆದ ಉಪ್ಪಿನ ಭರಣಿ ಒಲೆಯ ಪಕ್ಕ ಇದ್ದರೆ ಅಯೋಡಿನ್ ತಳಕ್ಕೆ ಇಳಿದು ಹೋಗುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಒಣ ಚಮಚ, ತಿಂಗಳಿಗೆ ಸಾಕಾಗುವಷ್ಟೇ ಖರೀದಿ, ಸಾರು ಇಳಿಸುವ ಹೊತ್ತಿಗೆ ಉಪ್ಪು: ಇಷ್ಟು ಮಾಡಿದರೆ ಆಯಿತು.

ಇನ್ನು ಹೆಚ್ಚಾದರೆ? ಇಲ್ಲಿ ಚೀನಾದ ಒಂದು ಅಧ್ಯಯನ ನೆನಪಿಡಬೇಕು. ಅಯೋಡಿನ್ ಸ್ವಲ್ಪ ಕಡಿಮೆ, ಸಾಕಷ್ಟಕ್ಕಿಂತ ಜಾಸ್ತಿ, ಅತಿ ಜಾಸ್ತಿ ಇರುವ ಮೂರು ಊರುಗಳ ಜನರನ್ನು ಐದು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಸದಾಗಿ ಸ್ವಯಂ ನಿರೋಧಕ ಥೈರಾಯ್ಡೈಟಿಸ್, ಅಂದರೆ ಹಶಿಮೊಟೊ ಬಗೆಯ ಕಾಯಿಲೆ, ಬಂದವರು ಕ್ರಮವಾಗಿ ಶೇ 0.2, ಶೇ 1.0, ಶೇ 1.3. ಗ್ರಂಥಿಯೊಳಗಿನ ಥೈರೋಗ್ಲೋಬುಲಿನ್ ಪ್ರೋಟೀನಿನ ಮೇಲೆ ಅಯೋಡಿನ್ ಹೆಚ್ಚು ಕೂತರೆ ಅದು ರಕ್ಷಣಾ ಕಣಗಳ ಕಣ್ಣಿಗೆ ಬೇಗ ಬೀಳುತ್ತದೆ. ಒಮ್ಮೆಲೇ ಹೆಚ್ಚು ಅಯೋಡಿನ್ ಬಂದಾಗ ಗ್ರಂಥಿ ತನ್ನ ಕೆಲಸವನ್ನೇ ನಿಲ್ಲಿಸುತ್ತದೆ. ಆರೋಗ್ಯವಂತ ಗ್ರಂಥಿ ಕೆಲವು ದಿನದಲ್ಲಿ ಈ ತಡೆಯಿಂದ ಹೊರಬರುತ್ತದೆ. ಹಶಿಮೊಟೊದಿಂದ ಜಖಂಗೊಂಡ ಗ್ರಂಥಿ ಬರಲಾರದೆ ಅಲ್ಲೇ ಸಿಕ್ಕಿಕೊಳ್ಳಬಹುದು. ಹಾಗಾಗಿ ಉಪ್ಪು ಬೇಡ ಎನ್ನುವವರೇ ಶಿಫಾರಸು ಮಾಡುವ ಕೆಲ್ಪ್ ಎಂಬ ಸಮುದ್ರ ಪಾಚಿಯ ಮಾತ್ರೆ ಮತ್ತು ಲುಗಾಲ್ ಅಯೋಡಿನ್ ಹನಿಗಳು ನಿಜವಾದ ಅಪಾಯ. ಒಣ ಕೆಲ್ಪ್ ಒಂದು ಗ್ರಾಂನಲ್ಲಿ ಸಾವಿರ ಮೈಕ್ರೋಗ್ರಾಂಗೂ ಹೆಚ್ಚು ಅಯೋಡಿನ್ ಇರಬಹುದು. ಶೇ 5ರ ಲುಗಾಲ್ ದ್ರಾವಣದ ಒಂದೇ ಹನಿಯಲ್ಲಿ ಸುಮಾರು 6 ಮಿಲಿಗ್ರಾಂ, ಅಂದರೆ ಒಂದು ದಿನದ ಅಗತ್ಯದ ನಲವತ್ತು ಪಟ್ಟು! ಹೃದಯದ ಲಯ ತಪ್ಪಿದಾಗ ಕೊಡುವ ಅಮಿಯೋಡರೋನ್ 200 ಮಿಲಿಗ್ರಾಂ ಮಾತ್ರೆಯಲ್ಲೂ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇದೆ. ಅದನ್ನು ವೈದ್ಯರು ಹೇಳದೆ ನಿಲ್ಲಿಸುವಂತಿಲ್ಲ, ಆದರೆ ಥೈರಾಯ್ಡ್ ಹಾರ್ಮೋನು ಕುಗ್ಗಿದಾಗ ರಕ್ತದಲ್ಲಿ ಏರುವ ಟಿಎಸ್‌ಎಚ್ ಆಗಾಗ ನೋಡಿಸಲೇಬೇಕು.

ತಮ್ಮಲ್ಲಿ ಅಯೋಡಿನ್ ಎಷ್ಟಿದೆ ಎಂದು ಒಂದು ಸಲದ ಮೂತ್ರ ಪರೀಕ್ಷೆ ಮಾಡಿಸಿ ತಿಳಿಯುತ್ತೇವೆ ಎಂದು ಕೆಲವರು ದುಡ್ಡು ಸುರಿಯುತ್ತಾರೆ. ಆ ಪರೀಕ್ಷೆ ಒಂದು ಊರಿನ, ಒಂದು ಶಾಲೆಯ ನೂರಾರು ಜನರ ಸರಾಸರಿ ತಿಳಿಯಲು ಇರುವುದು. ಒಬ್ಬರ ಮೂತ್ರದ ಅಯೋಡಿನ್ ಹಿಂದಿನ ದಿನದ ಊಟದ ಮೇಲೆ ಏರಿಳಿಯುತ್ತದೆ.

ಈಗ ಸೆಲೆನಿಯಂ. ಹಶಿಮೊಟೊ ವಿಷಯದಲ್ಲಿ ಅತಿ ಹೆಚ್ಚು ಸಂಶೋಧನೆ ನಡೆದಿರುವ, ಅತಿ ಹೆಚ್ಚು ಭರವಸೆ ಮಾರಾಟವಾಗುತ್ತಿರುವ ಖನಿಜ ಇದು. 2002ರಲ್ಲಿ ಜರ್ಮನಿಯ ವೈದ್ಯರು ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಂ ಮೂರು ತಿಂಗಳು ಕೊಟ್ಟು ನೋಡಿದಾಗ ಟಿಪಿಒ ಪ್ರತಿಕಾಯಗಳು ಸುಮಾರು ಮೂರನೇ ಒಂದು ಭಾಗ ಇಳಿದವು. ಆಮೇಲಿನ ಹಲವು ಅಧ್ಯಯನಗಳಲ್ಲೂ ಈ ಇಳಿಕೆ ಕಂಡಿದೆ. ಸುಳ್ಳಲ್ಲ. ಆದರೆ ರೋಗಿ ಕೇಳುವ ಪ್ರಶ್ನೆ ಬೇರೆ: ಸುಸ್ತು ಹೋಗುತ್ತದೆಯೇ, ಮಾತ್ರೆ ನಿಲ್ಲುತ್ತದೆಯೇ? ಡೆನ್ಮಾರ್ಕ್‌ನಲ್ಲಿ ಥೈರಾಕ್ಸಿನ್ ತೆಗೆದುಕೊಳ್ಳುತ್ತಿದ್ದ ಹಶಿಮೊಟೊ ರೋಗಿಗಳಿಗೆ ಒಂದು ವರ್ಷ ಅದೇ 200 ಮೈಕ್ರೋಗ್ರಾಂ ಕೊಟ್ಟು, ಇನ್ನೊಂದು ಗುಂಪಿಗೆ ಸೆಲೆನಿಯಂ ಇಲ್ಲದ ಅದೇ ರೂಪದ ಮಾತ್ರೆ ಕೊಟ್ಟು ಹೋಲಿಸಿದರು. ಎರಡೂ ಗುಂಪಿನವರು ಸಮನಾಗಿಯೇ ಸುಧಾರಿಸಿದರು. ಸೆಲೆನಿಯಂ ತಿಂದವರಿಗೆ ಹೆಚ್ಚಿನ ನೆಮ್ಮದಿ ಸಿಗಲಿಲ್ಲ. ಪ್ರತಿಕಾಯದ ಅಂಕಿ ಇಳಿಯುವುದೂ ರೋಗಿಗೆ ಗುಣವಾಗುವುದೂ ಬೇರೆ ಬೇರೆ ಸಂಗತಿ. ಅದಕ್ಕೇ ಆ್ಯಂಟಿ ಟಿಪಿಒ ಪರೀಕ್ಷೆ ರೋಗ ಗುರುತಿಸಲು ಒಮ್ಮೆ ಮಾಡಿದರೆ ಸಾಕು. ಆರಾರು ತಿಂಗಳಿಗೆ ಮಾಡಿಸಿ 600 ಇದ್ದದ್ದು 450 ಆಯಿತು ಎಂದು ಸಂತೋಷಪಡುವುದರಿಂದ ಚಿಕಿತ್ಸೆಯಲ್ಲಿ ಏನೂ ಬದಲಾಗುವುದಿಲ್ಲ.

ಸೆಲೆನಿಯಂ ಕೆಲಸಕ್ಕೆ ಬಂದ ಜಾಗ ಒಂದಿದೆ. ಗ್ರೇವ್ಸ್ ಕಾಯಿಲೆಯಲ್ಲಿ, ಅಂದರೆ ಇದೇ ಸ್ವಯಂ ನಿರೋಧಕ ತೊಂದರೆ ಗ್ರಂಥಿಯನ್ನು ಅತಿಯಾಗಿ ಕೆರಳಿಸುವ ರೂಪದಲ್ಲಿ, ಕಣ್ಣುಗುಡ್ಡೆ ಮುಂದೆ ಬಂದು ಉರಿ, ಊತ ಶುರುವಾದ ಸೌಮ್ಯ ಹಂತದಲ್ಲಿ, ದಿನಕ್ಕೆ ಎರಡು ಬಾರಿ 100 ಮೈಕ್ರೋಗ್ರಾಂನಂತೆ ಆರು ತಿಂಗಳು ಕೊಟ್ಟಾಗ ಲಾಭವಾಯಿತು ಎಂದು ಯುರೋಪಿನ 2011ರ ಅಧ್ಯಯನ ತೋರಿಸಿತು. ಆರು ತಿಂಗಳು, ಸೌಮ್ಯ ಹಂತ, ಕಣ್ಣಿನ ವೈದ್ಯರ ಕಣ್ಣೆದುರು. ಗರ್ಭಿಣಿಯರಲ್ಲಿ ಇಟಲಿಯ 2007ರ ಒಂದು ಅಧ್ಯಯನ ಆಸೆ ಹುಟ್ಟಿಸಿತ್ತು. ಆದರೂ ಅಮೆರಿಕದ ಥೈರಾಯ್ಡ್ ಸಂಘ 2017ರ ಮಾರ್ಗಸೂಚಿಯಲ್ಲಿ, ಪ್ರತಿಕಾಯ ಇರುವ ಗರ್ಭಿಣಿಯರಿಗೆ ಸೆಲೆನಿಯಂ ಬೇಡ ಎಂದೇ ಹೇಳಿದೆ.

ಪ್ರಮಾಣದ ಗೆರೆ ಎಲ್ಲಿದೆ? ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಕಾರ ವಯಸ್ಕರಿಗೆ ದಿನಕ್ಕೆ 40 ಮೈಕ್ರೋಗ್ರಾಂ ಸಾಕು, ಅಮೆರಿಕದವರು 55 ಎನ್ನುತ್ತಾರೆ. ದಾಟಬಾರದ ಮಿತಿ ಅಮೆರಿಕದಲ್ಲಿ 400. ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ 2023ರಲ್ಲಿ ಅದನ್ನು 255ಕ್ಕೆ ಇಳಿಸಿತು. ಸೆಲೆನಿಯಂನಲ್ಲಿ ಅಗತ್ಯಕ್ಕೂ ಅಪಾಯಕ್ಕೂ ನಡುವೆ ಇರುವುದು ಕಿರಿದಾದ ಬದು. ಒಂದು ಮನೆಯ ಲೆಕ್ಕ ನೋಡಿ: 200ರ ಸೆಲೆನಿಯಂ ಕ್ಯಾಪ್ಸೂಲ್, 55 ಇರುವ ಮಲ್ಟಿವಿಟಮಿನ್, ಕೂದಲಿಗೆಂದು ಕೊಂಡ ಮಾತ್ರೆಯಲ್ಲಿ 65, ಊಟದಿಂದ 50. ಒಟ್ಟು 370. ಪ್ರತಿ ಡಬ್ಬಿಯೂ ಬೇರೆ ಬೇರೆಯಾಗಿ ‘ಮಿತಿಯೊಳಗೆ’ ಇದೆ!

ಅದರ ಮೇಲೆ ಬ್ರೆಜಿಲ್ ನಟ್ ಬಂದರೆ ಕೇಳುವುದೇ ಬೇಡ. ಆನ್‌ಲೈನ್‌ನಲ್ಲಿ ಸಿಗುವ ಈ ಬೀಜ ಒಂದರಲ್ಲೇ 50ರಿಂದ 90 ಮೈಕ್ರೋಗ್ರಾಂ ಇರಬಹುದು. ಬೆಳೆದ ಮಣ್ಣಿಗೆ ತಕ್ಕಂತೆ ಇದಕ್ಕಿಂತ ತುಂಬಾ ಕಡಿಮೆಯೂ ಇರಬಹುದು, ತುಂಬಾ ಹೆಚ್ಚೂ ಇರಬಹುದು. ಗೋಡಂಬಿಯಂತೆ ಮುಷ್ಟಿ ತುಂಬಿ ತಿನ್ನುವ ವಸ್ತು ಅಲ್ಲ. ನಮ್ಮ ಊಟದಲ್ಲೇ ಒಂದು ಮೊಟ್ಟೆ ಸುಮಾರು 15 ಮೈಕ್ರೋಗ್ರಾಂ ಕೊಡುತ್ತದೆ. ಕರಾವಳಿಯವರ ತಟ್ಟೆಯ ಮೀನು ಅದಕ್ಕಿಂತ ಹೆಚ್ಚು ಕೊಡುತ್ತದೆ. ಗೋಧಿ, ಬೇಳೆಕಾಳುಗಳಲ್ಲಿ ಎಷ್ಟು ಎಂಬುದು ಹೊಲದ ಮಣ್ಣನ್ನು ಅವಲಂಬಿಸಿದೆ.

ಮಣ್ಣು ಏನು ಮಾಡಬಲ್ಲದು ಎಂಬುದಕ್ಕೆ ಪಂಜಾಬಿನ ಹೋಶಿಯಾರ್‌ಪುರ, ನವಾನ್‌ಶಹರ್ ಭಾಗ ಸಾಕ್ಷಿ. ಅಲ್ಲಿ ಕೆಲವು ಹಳ್ಳಿಗಳ ನೆಲದಲ್ಲಿ ಸೆಲೆನಿಯಂ ಜಾಸ್ತಿ, ಗೋಧಿಯಲ್ಲೂ ಜಾಸ್ತಿ, ಮೇವು ತಿಂದ ದನಗಳ ಗೊರಸು ಸೀಳಿ ಕೂದಲು ಉದುರುತ್ತದೆ. ಮನುಷ್ಯರಲ್ಲೂ ಅತಿಯಾದರೆ ಮೊದಲು ಕಾಣುವುದು ಅದೇ: ಕೂದಲು ಉದುರುವುದು, ಉಗುರು ಪೆಡಸಾಗಿ ಮುರಿಯುವುದು, ಉಸಿರಲ್ಲಿ ಬೆಳ್ಳುಳ್ಳಿ ವಾಸನೆ, ಬಾಯಲ್ಲಿ ಲೋಹದ ರುಚಿ, ಹೊಟ್ಟೆ ತೊಳಸುವುದು, ಸುಸ್ತು. ಇಲ್ಲಿ ಒಂದು ದೊಡ್ಡ ಬಲೆ ಇದೆ. ಕೂದಲು ಉದುರುತ್ತದೆ, ಸುಸ್ತು ಎಂದೇ ಹಶಿಮೊಟೊ ರೋಗಿ ಸೆಲೆನಿಯಂ ಶುರುಮಾಡಿರುತ್ತಾರೆ. ಅತಿಯಾಗಿ ಕೂದಲು ಮತ್ತೂ ಉದುರಿದಾಗ ‘ಇನ್ನೂ ಸಾಲದು’ ಎಂದು ಎರಡು ನುಂಗುತ್ತಾರೆ. 2008ರಲ್ಲಿ ಅಮೆರಿಕದಲ್ಲಿ ಒಂದು ದ್ರವರೂಪದ ಪೂರಕ ಆಹಾರದಲ್ಲಿ 200 ಮೈಕ್ರೋಗ್ರಾಂ ಇರಬೇಕಾದ ಕಡೆ 40,800 ಮೈಕ್ರೋಗ್ರಾಂ ಸೇರಿಹೋಗಿ, ಸುಮಾರು ಇನ್ನೂರು ಜನ ಅಸ್ವಸ್ಥರಾದರು. ತಯಾರಿಕೆಯಲ್ಲಿ ದಶಮಾಂಶದ ಚುಕ್ಕೆ ಸರಿದರೂ ಸಾಕು ಎಂಬಷ್ಟು ಚಿಕ್ಕ ಅಳತೆಯ ವಸ್ತು ಇದು. ವರ್ಷಗಟ್ಟಲೆ 200 ಮೈಕ್ರೋಗ್ರಾಂ ತೆಗೆದುಕೊಂಡವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾದದ್ದು ಅಮೆರಿಕದ ಒಂದು ದೀರ್ಘ ಅಧ್ಯಯನದಲ್ಲಿ ಕಂಡಿದೆ. ಮನೆಯಲ್ಲಿ ಮೊದಲೇ ಶುಗರ್ ಇದ್ದವರು ಇದನ್ನು ಎರಡು ಸಲ ಯೋಚಿಸಬೇಕು.

ಉಪ್ಪು ಬಿಟ್ಟು ಸೆಲೆನಿಯಂ ಹಿಡಿಯುವುದು ಇನ್ನೂ ಕೆಟ್ಟದ್ದು. ಆಗ ಜೈರ್ ಎಂದು ಹೆಸರಿದ್ದ ಕಾಂಗೋ ದೇಶದ ಉತ್ತರ ಭಾಗದಲ್ಲಿ ಅಯೋಡಿನ್ ಮತ್ತು ಸೆಲೆನಿಯಂ ಎರಡರ ಕೊರತೆಯೂ ತೀವ್ರವಾಗಿತ್ತು. ಅಲ್ಲಿ ಅಯೋಡಿನ್‌ಗಿಂತ ಮೊದಲು ಬರೀ ಸೆಲೆನಿಯಂ ಕೊಟ್ಟು ನೋಡಿದಾಗ, ಮೊದಲೇ ಥೈರಾಯ್ಡ್ ಕುಗ್ಗಿದ್ದವರ ಟಿ4 ಇನ್ನೂ ಕೆಳಗೆ ಬಿತ್ತು. ಸೆಲೆನಿಯಂ ಸಿಕ್ಕ ಕಿಣ್ವಗಳು ಇದ್ದ ಟಿ4 ಅನ್ನು ಬೇಗ ಬೇಗ ಒಡೆದವು. ಹೊಸದು ಮಾಡಲು ಗ್ರಂಥಿಯಲ್ಲಿ ಅಯೋಡಿನ್ ಇರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೂ ಇಲ್ಲಿ ಬೆಲೆ ಇದೆ.

ಸತುವಿನ ಬಗ್ಗೆ ಚಿಕ್ಕದಾಗಿ. ಹೆಂಗಸರಿಗೆ ದಿನಕ್ಕೆ ಸುಮಾರು 13, ಗಂಡಸರಿಗೆ 17 ಮಿಲಿಗ್ರಾಂ ಎಂಬುದು ನಮ್ಮ ದೇಶದ ಲೆಕ್ಕ. 40 ಮಿಲಿಗ್ರಾಂ ಮೀರಿ ತಿಂಗಳುಗಟ್ಟಲೆ ತಿಂದರೆ ಕರುಳು ತಾಮ್ರವನ್ನು ಒಳಗೆ ಬಿಡುವುದಿಲ್ಲ. ತಾಮ್ರ ಇಳಿದರೆ ರಕ್ತಹೀನತೆ, ಕೈಕಾಲು ಜೋಮು. ಡಬ್ಬಿಯ ಮೇಲೆ ‘ಜಿಂಕ್ ಸಲ್ಫೇಟ್ 220 ಮಿಲಿಗ್ರಾಂ’ ಎಂದಿದ್ದರೆ ಅದರಲ್ಲಿ ನಿಜವಾದ ಸತು ಸುಮಾರು 50. ಯಾವ ಖನಿಜವಾದರೂ ಲವಣದ ತೂಕ ಬೇರೆ, ಧಾತುವಿನ ತೂಕ ಬೇರೆ. ‘ಎಲಿಮೆಂಟಲ್’ ಎಂಬ ಪದದ ಮುಂದಿನ ಅಂಕಿಯನ್ನೇ ಓದಬೇಕು. ಕಾಳುಗಳನ್ನು ರಾತ್ರಿ ನೆನೆಸಿ ಮೊಳಕೆ ಬರಿಸಿದರೆ, ಹಿಟ್ಟು ಹುದುಗಿಸಿದರೆ ಖನಿಜಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ಅಂಶ ಇಳಿದು ಸತುವೂ ಕಬ್ಬಿಣವೂ ಹೆಚ್ಚು ದಕ್ಕುತ್ತವೆ. ದೋಸೆ, ಇಡ್ಲಿ, ಮೊಳಕೆ ಹುರುಳಿ ಸಾರು ಮಾಡುವ ಮನೆಗೆ ಇದು ಹೊಸ ಪಾಠವೇನೂ ಅಲ್ಲ.

ಕಬ್ಬಿಣದ ಮಾತು ನಮ್ಮ ರಾಜ್ಯದ ಹೆಂಗಸರಿಗೆ ಎಲ್ಲಕ್ಕಿಂತ ಮುಖ್ಯ. ಟಿಎಸ್‌ಎಚ್ ಸರಿಯಾಗಿದೆ, ಆದರೂ ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಬಾಚಣಿಗೆ ತುಂಬ ಎಂದು ಹೇಳುವವರು ಬಹಳ. ಅವರಲ್ಲಿ ಸೆಲೆನಿಯಂಗಿಂತ ಮೊದಲು ನೋಡಬೇಕಾದದ್ದು ಹಿಮೋಗ್ಲೋಬಿನ್, ಫೆರಿಟಿನ್, ಬಿ12. ಹಿಮೋಗ್ಲೋಬಿನ್ 12 ಇದ್ದರೂ ಫೆರಿಟಿನ್ 30ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಉಗ್ರಾಣ ಬರಿದಾಗಿದೆ ಎಂದೇ ಅರ್ಥ. ಹಶಿಮೊಟೊ ಇರುವವರಲ್ಲಿ ಹೊಟ್ಟೆಯ ಒಳಪದರದ ಮೇಲೂ ಇದೇ ಬಗೆಯ ದಾಳಿ ನಡೆದು ಆಮ್ಲ ಕಡಿಮೆಯಾಗಿರುವುದುಂಟು. ಆಗ ಕಬ್ಬಿಣವೂ ಬಿ12ವೂ ಥೈರಾಕ್ಸಿನ್ನೂ ಸರಿಯಾಗಿ ಒಳಗೆ ಹೋಗುವುದಿಲ್ಲ. ಗೋಧಿಯ ಗ್ಲೂಟನ್‌ಗೆ ಕರುಳು ಕೆರಳುವ ಸೀಲಿಯಾಕ್ ಕಾಯಿಲೆಯೂ ಇವರಲ್ಲಿ ಇತರರಿಗಿಂತ ಹೆಚ್ಚು. ಮೂರು ತಿಂಗಳು ನಿಯಮ ತಪ್ಪದೆ ಕಬ್ಬಿಣ ತಿಂದರೂ ಫೆರಿಟಿನ್ ಏರದಿದ್ದರೆ, ಥೈರಾಕ್ಸಿನ್ ಪ್ರಮಾಣ ಏರಿಸುತ್ತಲೇ ಹೋಗಬೇಕಾಗಿ ಬಂದರೆ, ಈ ಎರಡನ್ನೂ ಪರೀಕ್ಷಿಸಿ ಎಂದು ವೈದ್ಯರನ್ನು ಕೇಳಿ. ಅಸಿಡಿಟಿಗೆಂದು ವರ್ಷಗಟ್ಟಲೆ ನುಂಗುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮಾತ್ರೆಗಳೂ ಇದೇ ತೊಂದರೆ ಕೊಡುತ್ತವೆ.

ಕಬ್ಬಿಣ ಬೇಕು, ಆದರೆ ಥೈರಾಕ್ಸಿನ್ ಜೊತೆಯಲ್ಲಿ ಬೇಡ. ಎರಡೂ ಹೊಟ್ಟೆಯಲ್ಲಿ ಸೇರಿದರೆ ಒಂದಕ್ಕೊಂದು ಅಂಟಿಕೊಂಡು ಕರಗದ ಗಂಟಾಗಿ ಹೊರಗೆ ಹೋಗುತ್ತವೆ. 1992ರಲ್ಲಿ 14 ರೋಗಿಗಳಿಗೆ ಥೈರಾಕ್ಸಿನ್ ಜೊತೆಗೇ 300 ಮಿಲಿಗ್ರಾಂ ಫೆರಸ್ ಸಲ್ಫೇಟ್ ಕೊಟ್ಟು ನೋಡಿದರು. 12 ವಾರದಲ್ಲಿ ಸರಾಸರಿ ಟಿಎಸ್‌ಎಚ್ 1.6ರಿಂದ 5.4ಕ್ಕೆ ಏರಿತು. ಮಾತ್ರೆಯ ಪ್ರಮಾಣ ಬದಲಾಗಿರಲಿಲ್ಲ, ನುಂಗುವ ಹೊತ್ತು ಒಂದಾಗಿತ್ತು ಅಷ್ಟೆ. ಕ್ಯಾಲ್ಸಿಯಂ ಮಾತ್ರೆಯೂ ಹೀಗೆಯೇ ಮಾಡುತ್ತದೆ. ಎರಡಕ್ಕೂ ಥೈರಾಕ್ಸಿನ್‌ನಿಂದ ನಾಲ್ಕು ಗಂಟೆ ಅಂತರ ಇರಬೇಕು. ಖನಿಜ ಸೇರಿದ ಮಲ್ಟಿವಿಟಮಿನ್‌ಗೂ, ಆಂಟಾಸಿಡ್ ಟಾನಿಕ್‌ಗೂ ಇದೇ ನಿಯಮ.

ಈ ಗೋಜಲು ಅತಿ ಹೆಚ್ಚು ಬಿಗಿಯಾಗುವುದು ಗರ್ಭಿಣಿಗೆ. ಸರ್ಕಾರದ ಕಾರ್ಯಕ್ರಮದಂತೆ ಆಕೆಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕಬ್ಬಿಣದ ಮಾತ್ರೆ (60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ), ದಿನಕ್ಕೆರಡು ಬಾರಿ 500 ಮಿಲಿಗ್ರಾಂ ಕ್ಯಾಲ್ಸಿಯಂ. ಕಬ್ಬಿಣ, ಕ್ಯಾಲ್ಸಿಯಂ ಕೂಡ ಒಂದಕ್ಕೊಂದು ಸೇರಬಾರದು. ಇದರ ಮೇಲೆ ಥೈರಾಕ್ಸಿನ್. ನಾಲ್ಕು ಮಾತ್ರೆಯನ್ನೂ ತಿಂಡಿ ಆದ ಮೇಲೆ ಒಟ್ಟಿಗೆ ಬಾಯಿಗೆ ಹಾಕಿ ನೀರು ಕುಡಿದರೆ ನಾಲ್ಕೂ ಅರೆಬರೆ. ಹೀಗೆ ಮಾಡಿ: ಬೆಳಗ್ಗೆ 6ಕ್ಕೆ ಥೈರಾಕ್ಸಿನ್, ಬರೀ ನೀರಿನಲ್ಲಿ, ಖಾಲಿ ಹೊಟ್ಟೆಗೆ. 7ಕ್ಕೆ ಕಾಫಿ, 8ರೊಳಗೆ ತಿಂಡಿ. 10.30ಕ್ಕೆ ಕಬ್ಬಿಣದ ಮಾತ್ರೆ, ನಿಂಬೆಹಣ್ಣಿನ ಶರಬತ್ತಿನ ಜೊತೆ. ಹಿಂದೆ ಮುಂದೆ ಒಂದು ಗಂಟೆ ಕಾಫಿ, ಟೀ ಇಲ್ಲ. 1ಕ್ಕೆ ಊಟ, ಊಟದ ಜೊತೆ ಮೊದಲ ಕ್ಯಾಲ್ಸಿಯಂ. ರಾತ್ರಿ 8.30ಕ್ಕೆ ಊಟ, ಎರಡನೇ ಕ್ಯಾಲ್ಸಿಯಂ. ಹೊಟ್ಟೆಯಲ್ಲಿ ಸಂಕಟವಾಗುವವರು ಕಬ್ಬಿಣವನ್ನು ಸಂಜೆ 5ಕ್ಕೆ, ಟೀ ಬಿಟ್ಟು, ಇಟ್ಟುಕೊಳ್ಳಬಹುದು. ಗರ್ಭಿಣಿ ಅಲ್ಲದ, ಕೊರತೆ ಅಷ್ಟೇನೂ ತೀವ್ರವಿಲ್ಲದ ಹೆಂಗಸರಿಗೆ ದಿನ ಬಿಟ್ಟು ದಿನ ಕಬ್ಬಿಣ ಕೊಟ್ಟರೆ ಒಂದೊಂದು ಮಾತ್ರೆಯಿಂದ ದಕ್ಕುವ ಪಾಲು ಹೆಚ್ಚು, ಹೊಟ್ಟೆ ಕೆಡುವುದೂ ಕಡಿಮೆ ಎಂದು ಸ್ವಿಟ್ಜರ್ಲೆಂಡಿನ ಅಧ್ಯಯನಗಳು ತೋರಿಸಿವೆ. ಹಾಗೆ ಬದಲಾಯಿಸುವ ಮುನ್ನ ವೈದ್ಯರ ಜೊತೆ ಮಾತಾಡಿ.

ಗರ್ಭ ನಿಂತ ಸುದ್ದಿ ತಿಳಿದ ದಿನವೇ ಥೈರಾಕ್ಸಿನ್ ತೆಗೆದುಕೊಳ್ಳುವವರು ವೈದ್ಯರಿಗೆ ಫೋನ್ ಮಾಡಬೇಕು. ಪ್ರಮಾಣ ಸಾಮಾನ್ಯವಾಗಿ ಶೇ 25ರಿಂದ 30ರಷ್ಟು ಏರಿಸಬೇಕಾಗುತ್ತದೆ. ಐದನೇ ತಿಂಗಳವರೆಗೆ ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡಿಸಬೇಕು.

ಬೆಳಗಿನ ಇನ್ನೊಂದು ಅಭ್ಯಾಸ: ಥೈರಾಯ್ಡ್ ಮಾತ್ರೆ ನುಂಗಿದ ಹತ್ತೇ ನಿಮಿಷಕ್ಕೆ ಹಾಲು ಬೆರೆಸಿದ ರಾಗಿ ಮಾಲ್ಟ್ ಅಥವಾ ಸ್ಟ್ರಾಂಗ್ ಫಿಲ್ಟರ್ ಕಾಫಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಾಲಿನದು ಬೇರೆ. ಕಾಫಿಯೂ ಥೈರಾಕ್ಸಿನ್ ಹೀರಿಕೆಯನ್ನು ತಗ್ಗಿಸುತ್ತದೆ. ರಾಗಿ ಬಿಡಬೇಕಿಲ್ಲ, ಕಾಫಿಯನ್ನೂ ಬಿಡಬೇಕಿಲ್ಲ. ಒಂದು ಗಂಟೆ ಕಾಯಿರಿ. ಬೆಳಗಿನ ಗಡಿಬಿಡಿಯಲ್ಲಿ ಅದು ಆಗದವರು ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವ ಮುನ್ನ ತೆಗೆದುಕೊಳ್ಳಬಹುದು. ಆಗ ರಾತ್ರಿಯ ಕ್ಯಾಲ್ಸಿಯಂ ಇರಬಾರದು. ಎಲೆಕೋಸು, ಹೂಕೋಸು ಥೈರಾಯ್ಡ್‌ಗೆ ಕೆಟ್ಟದ್ದಂತೆ, ಬಿಡಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಅಯೋಡಿನ್ ಸಾಕಷ್ಟಿದ್ದು, ಬೇಯಿಸಿ ತಿನ್ನುವವರಿಗೆ ಏನೂ ಆಗುವುದಿಲ್ಲ.

ಖನಿಜವಲ್ಲದಿದ್ದರೂ ಬಯೋಟಿನ್ ಬಗ್ಗೆ ಹೇಳದೆ ಬಿಡುವಂತಿಲ್ಲ, ಏಕೆಂದರೆ ಸೆಲೆನಿಯಂ, ಸತು ಇರುವ ಕೂದಲಿನ ಮಾತ್ರೆಗಳಲ್ಲಿ ಅದು ಅಡಗಿ ಬರುತ್ತದೆ. ದಿನಕ್ಕೆ ಬೇಕಾದದ್ದು 30–40 ಮೈಕ್ರೋಗ್ರಾಂ, ಮಾತ್ರೆಯಲ್ಲಿ ಇರುವುದು 5,000ದಿಂದ 10,000. ಹಲವು ಲ್ಯಾಬ್‌ಗಳ ಯಂತ್ರಗಳು ಪರೀಕ್ಷೆಗೆ ಬಯೋಟಿನ್ ಕೊಂಡಿಯನ್ನೇ ಬಳಸುತ್ತವೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಟಿ3, ಟಿ4 ಸುಳ್ಳಾಗಿ ಹೆಚ್ಚು ಬರುತ್ತವೆ. ಥೈರಾಕ್ಸಿನ್ ಜಾಸ್ತಿಯಾಯಿತು ಎಂದುಕೊಂಡು ವೈದ್ಯರು ಪ್ರಮಾಣ ಇಳಿಸುತ್ತಾರೆ, ರೋಗಿ ಇನ್ನಷ್ಟು ಸೊರಗುತ್ತಾರೆ. ರಕ್ತ ಕೊಡುವ ಮುನ್ನ ಕನಿಷ್ಠ ಎರಡು ದಿನ ಅದನ್ನು ನಿಲ್ಲಿಸಿ, ಏನೇನು ನುಂಗುತ್ತಿದ್ದೀರಿ ಎಂಬ ಪಟ್ಟಿಯನ್ನು ಚೀಟಿಯಲ್ಲಿ ಬರೆದು ಕೊಡಿ. ಡಬ್ಬಿಗಳನ್ನೇ ಚೀಲದಲ್ಲಿ ಹಾಕಿ ತಂದರೆ ಇನ್ನೂ ಒಳ್ಳೆಯದು.

ಮಾತ್ರೆಯ ಹೊತ್ತು ಸರಿಮಾಡಿದ ಮೇಲೆ ಫಲ ನೋಡಲು ಆರರಿಂದ ಎಂಟು ವಾರ ಬೇಕು. ಟಿ4ರ ಅರ್ಧ ಭಾಗ ದೇಹದಿಂದ ಕರಗಲು ಏಳು ದಿನ ಹಿಡಿಯುವುದರಿಂದ, ಎರಡನೇ ವಾರದಲ್ಲಿ ಮಾಡಿಸಿದ ಟಿಎಸ್‌ಎಚ್ ಹಳೆಯ ಕಥೆಯನ್ನೇ ಹೇಳುತ್ತದೆ. ಪ್ರತಿಕಾಯ ಇದ್ದು ಟಿಎಸ್‌ಎಚ್ ಸರಿಯಾಗಿರುವವರಿಗೆ ಸಾಮಾನ್ಯವಾಗಿ ಮಾತ್ರೆಯೇ ಬೇಡ, ವರ್ಷಕ್ಕೊಮ್ಮೆ ಪರೀಕ್ಷೆ ಸಾಕು. ಥೈರಾಕ್ಸಿನ್ ಬೇಕಾದವರು ಖನಿಜ ತಿನ್ನುತ್ತಿದ್ದೇವೆಂದು ಅದನ್ನು ನಿಲ್ಲಿಸಿದರೆ ಟಿಎಸ್‌ಎಚ್ ಮತ್ತೆ ಏರುತ್ತದೆ. ನಾಶವಾದ ಗ್ರಂಥಿಯ ಕೋಶಗಳನ್ನು ಯಾವ ಖನಿಜವೂ ಮರಳಿ ಬೆಳೆಸುವುದಿಲ್ಲ.

ನಿಮ್ಮ ಪತ್ರಿಕೆಯ ಆರೋಗ್ಯ ಪುಟಕ್ಕೆ ನಮ್ಮ ಕೋರಿಕೆ: ಯಾವುದೇ ಖನಿಜದ ಬಗ್ಗೆ ಬರೆಯುವಾಗ ದಿನದ ಅಗತ್ಯ ಮತ್ತು ಮೇಲ್ಮಿತಿ, ಎರಡು ಅಂಕಿಗಳನ್ನೂ ಪಕ್ಕಪಕ್ಕದಲ್ಲಿ ಮುದ್ರಿಸಿ. ಆರೋಗ್ಯ ಇಲಾಖೆಗೂ ಒಂದು ಕೋರಿಕೆ ಇದೆ. ಅಂಗನವಾಡಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಬ್ಬಿಣದ ಮಾತ್ರೆ ಕೈಗೆ ಕೊಡುವಾಗ ಆಶಾ ಕಾರ್ಯಕರ್ತೆಯರು ‘ಥೈರಾಯ್ಡ್ ಮಾತ್ರೆ ತಗೊಳ್ತೀಯೇನಮ್ಮಾ, ಎಷ್ಟು ಹೊತ್ತಿಗೆ?’ ಎಂದು ಕೇಳುವಂತಾಗಲಿ. ಹೌದು ಎಂದರೆ, ಮೂರು ಮಾತ್ರೆಗಳ ಹೊತ್ತನ್ನೂ ತಾಯಿ ಕಾರ್ಡಿನ ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆದುಕೊಡಲಿ.

ಇಂತಿ,
ಥೈರಾಯ್ಡ್ ರೋಗಿಗಳ ಚಿಕಿತ್ಸೆ ಮತ್ತು ಆಹಾರ ಸಲಹೆಯಲ್ಲಿ ತೊಡಗಿರುವ ಕೆಲವು ವೈದ್ಯರು, ಆಹಾರ ತಜ್ಞರು
ಬೆಂಗಳೂರು